ಅಕಾರ್ಡಿಯನ್ನಿನ ಎಡಬದಿ

ಸಯನ್ನಿನ ಚಾಳಿನಲ್ಲಿ ನಮಗಿದ್ದದ್ದು ಒಂದೇ ಖೋಲಿ. ಅಪ್ಪ ಧಾರವಾಡದಿಂದ ತಂದ ಹಾರ್ಮೋನಿಯಂ, ಅಣ್ಣನ ಅಕಾರ್ಡಿಯನ್ ಎರಡೂ ಮಂಚದ ಕೆಳಗಿರುತ್ತಿದ್ದವು. ಐವತ್ತರ ದಶಕದ ನಡುವಿನ ವರ್ಷಗಳವು. ಅಣ್ಣ ಸಿನಿಮಾ ಹಾಡುಗಳ ರೆಕಾರ್ಡಿಂಗಿನಲ್ಲಿ ನುಡಿಸುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಒಂದು ಮಳೆಗಾಲದಲ್ಲಿ ಆ ವಾದ್ಯದ ಬೇಸ್, ಅಂದರೆ ಎಡಗೈ ಗುಂಡಿಗಳ ತಗ್ಗು ಸ್ವರ, ಕುಗ್ಗತೊಡಗಿತು. ಬಲಗಡೆಯ ಸ್ವರಗಳು ಕೇಳುತ್ತಿದ್ದವು. ಎಡಗಡೆಯವು ತಡವಾಗಿ ಎದ್ದು ಮಂಕಾಗಿ ನಿಲ್ಲುತ್ತಿದ್ದವು. ವಾದ್ಯವೃಂದದ ಮುಖ್ಯಸ್ಥರು ಮೈಕನ್ನು ಹತ್ತಿರ ಸರಿಸಿ ನೋಡಿದರು. ಮುಂದಿನ ರೆಕಾರ್ಡಿಂಗಿನೊಳಗೆ ಸರಿಯಾಗದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದರು.

"ಹಸಿ ಹವಾಕ್ಕ ಒಳಗಿನ ಚರ್ಮ ಮೆತ್ತಗಾಗಿರತದ, ತಗೋ" ಎಂದರು ಅಪ್ಪ. ಧಾರವಾಡದ ಮಳೆಯಲ್ಲಿ ಅವರು ಹಾರ್ಮೋನಿಯಂ ಅನ್ನು ಇದ್ದಿಲ ಒಲೆಯ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಅಣ್ಣ ಮಾರ್ಕೆಟ್ಟಿಗೆ ಹೋದಾಗ ಅಕಾರ್ಡಿಯನ್ನಿಗೂ ಅದೇ ಉಪಚಾರ ನಡೆಯಿತು. ಹಾರ್ಮೋನಿಯಂನ ರೀಡುಗಳನ್ನು, ಅಂದರೆ ಒಳಗೆ ಸ್ವರ ಹೊರಡಿಸುವ ಲೋಹದ ಪಟ್ಟಿಗಳನ್ನು, ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅಣ್ಣನ ವಾದ್ಯದಲ್ಲಿ ಅವು ಮೇಣದಲ್ಲಿ ನಿಂತಿದ್ದವು. ಒಲೆಯ ಬಿಸಿಗೆ ಮೇಣ ಕರಗಿತ್ತು. ಅಣ್ಣ ಬಂದು ಎತ್ತಿದಾಗ ಒಳಗೆ ಏನೋ ಕಳಚಿ ಬಿದ್ದ ಸದ್ದಾಯಿತು.

ಧೋಬಿ ತಲಾವ್‌ನಲ್ಲಿ ವಾದ್ಯ ರಿಪೇರಿ ಮಾಡುತ್ತಿದ್ದ ಗೋವಾದವರೊಬ್ಬರಿಗೆ ಕೊಟ್ಟೆವು. ಅವರು ಹೊಸ ಮೇಣ ಹಾಕಿದರು, ರೀಡುಗಳ ಚರ್ಮ ಬದಲಿಸಿದರು, ಗಾಳಿ ಸೋರುವ ಕಡೆ ಮುಚ್ಚಿದರು. ಮತ್ತೆ ಹೋದಾಗ ತಾವೇ ಹೆಗಲಿಗೇರಿಸಿ ನುಡಿಸಿದರು. ಎಡಗಡೆಯ ಸ್ವರ ಅಂಗಡಿಯ ಹಲಗೆಗಳಲ್ಲಿ ಅದುರಿತು. ಆಮೇಲೆ ಅಣ್ಣ ನುಡಿಸಿದ. ಅದೇ ಹಳೆಯ ಮಂಕು.

ಅವರು ವಾದ್ಯದಲ್ಲಿ ಎಡಗೈ ತೂರಿಸುವ ಪಟ್ಟಿ ಬಿಗಿ ಮಾಡಿ ಇನ್ನೊಮ್ಮೆ ನುಡಿಸಲು ಹೇಳಿದರು. ವ್ಯತ್ಯಾಸವಾಗಲಿಲ್ಲ.

"ಬಾಜಾ ತೋ ಬರಾಬರ್ ಹೈ" ಎಂದರು, ವಾದ್ಯದಲ್ಲಿ ದೋಷವಿಲ್ಲವೆಂದು. "ಹಾಥ್ ದಿಖಾವ್." ಅಣ್ಣ ಎಡಗೈ ಚಾಚಿ ತೋರಿಸಿದ.

ತಗ್ಗು ಸ್ವರದ ದೊಡ್ಡ ರೀಡು ಎದ್ದು ನಿಲ್ಲಲು ಹೆಚ್ಚು ಗಾಳಿ ಬೇಕು. ತಿದಿಯನ್ನು ಎಳೆದು ಒತ್ತುವುದು ಎಡಗೈ. ಅಣ್ಣನ ಎಡಗೈಯಲ್ಲಿ ಹೆಬ್ಬೆರಳಿನ ಬುಡದ ಮಾಂಸ ಇಂಗಿಹೋಗಿತ್ತು. ಆ ವಾರ ಕಂಡ ಡಾಕ್ಟರರು ನರದ ಕಾಯಿಲೆ ಎಂದರು. ವಾಸಿಯಾಗುತ್ತದೆ ಎಂದು ಹೇಳಲಿಲ್ಲ.

"ಅಪ್ಪಗ ಹೇಳಬ್ಯಾಡ" ಎಂದ ಅಣ್ಣ, ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ. "ಮೇಣದ್ದ ಕಾರಣ ಅಂದ್ಕೊಂಡಿರ್ಲಿ."

ರೆಕಾರ್ಡಿಂಗಿಗೆ ಬೇರೆಯವರು ಹೋದರು. ಅಪ್ಪ ನೆರೆಯವರೆದುರು ಹೇಳಿಕೊಳ್ಳುತ್ತಿದ್ದರು: "ನನ್ನ ಕೈಯಾರೆ ಮಗನ ಕೆಲಸಾ ಕೆಡಿಸಿದೆ ನೋಡ್ರಿ."

"ಕೆಡಿಸಿದ್ದು ನೀವಲ್ಲಪ್ಪಾ" ಎನ್ನುತ್ತಿದ್ದ ಅಣ್ಣ. "ನಿಮ್ಮ ಹಾರ್ಮೋನಿಯಂಗ ಹೊಟ್ಟಿಕಿಚ್ಚು ಬಂದಿತ್ತು, ಅಷ್ಟ." ಅಪ್ಪ ನಗುತ್ತಿರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಅಣ್ಣ ಗೋಡೆಗೆ ಮುಖ ಮಾಡಿ ಬಲಗೈಯೊಂದರಿಂದಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಒಂದು ಗುಂಡಿ ಎಷ್ಟು ಹೊತ್ತಾದರೂ ಕಾಜಿಗೆ ಸೇರಲಿಲ್ಲ. ಅಪ್ಪ ಚಹಾ ಕೆಳಗಿಟ್ಟು ನೋಡುತ್ತಿದ್ದರು. ಎದ್ದು ಹೋಗಿ ಅವನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಎಡಗೈಯನ್ನು ಹಿಡಿದು ಮಗುಚಿ ನೋಡಿದರು. ಆಮೇಲೆ ಕುತ್ತಿಗೆಯವರೆಗೆ ಎಲ್ಲ ಗುಂಡಿಗಳನ್ನೂ ತಾವೇ ಹಾಕಿದರು.

ಅಂದಿನಿಂದ ಅಪ್ಪ ಮೇಣದ ಮಾತೆತ್ತಲಿಲ್ಲ. ದಿನವೂ ಬೆಳಿಗ್ಗೆ ಅಣ್ಣನ ಅಂಗಿಯನ್ನು ಮೊಳೆಯಿಂದ ತೆಗೆದು ಹಿಡಿದು ನಿಲ್ಲುತ್ತಿದ್ದರು.