ಅಲಮಾರಿಯ ಕಂಪ್ಯೂಟರು, ಅತ್ತೆಯ ಊರು

ಆಳಂದದ ನಮ್ಮ ಮನೆಯಲ್ಲಿ ಕಂಪ್ಯೂಟರು ಇದ್ದದ್ದು ಪಡಸಾಲೆಯ ಗೋಡೆಯ ಅಲಮಾರಿಯೊಳಗೆ. ನನ್ನ ಗಂಡ ತೊಗರಿ ವ್ಯಾಪಾರಿ. ಮನೆಯ ಮುಂದೆಯೇ ಚೀಲಗಳು ಇಳಿಯುತ್ತಿದ್ದವು. ಸುಗ್ಗಿ ಬಂತೆಂದರೆ ಹೊಟ್ಟಿನ ಧೂಳು ಅಡುಗೆಮನೆಯ ಡಬ್ಬಿಗಳ ಮೇಲೂ ಕೂರುತ್ತಿತ್ತು. ಬಾಗಿಲು ಹಾಕಿ ಧೂಳನ್ನು ಹೊರಗಿಡಬಹುದಾದ ಜಾಗ ಅದೊಂದೇ. ಹಾಗಾಗಿ ಅಲಮಾರಿಯ ಅಳತೆ ಹಿಡಿದುಕೊಂಡು ಸೊಲ್ಲಾಪುರಕ್ಕೆ ಹೋಗಿ, ಅದರಲ್ಲಿ ಕೂರುವಂಥ ಸಣ್ಣ ಕ್ಯಾಬಿನೆಟ್ಟನ್ನು, ಎಂದರೆ ಭಾಗಗಳನ್ನು ಜೋಡಿಸುವ ಪೆಟ್ಟಿಗೆಯನ್ನು ಹುಡುಕಿ, ಉಳಿದ ಭಾಗಗಳನ್ನು ಅಲ್ಲಷ್ಟು ಇಲ್ಲಷ್ಟು ಕೊಂಡು ತಂದು ನಾನೇ ಮನೆಯಲ್ಲಿ ಜೋಡಿಸಿದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ನಾನು ಅಫಜಲಪುರದವಳು. ಗುಲ್ಬರ್ಗಾದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ವರ್ಷವೇ ಮದುವೆಯಾಯಿತು. ಕೆಲಸಕ್ಕೆ ಹೋಗುವ ಮಾತನ್ನು ಯಾರೂ ಬೇಡವೆನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕಂಪ್ಯೂಟರು ಬೇಕೆಂದವನು ನನ್ನ ಗಂಡ. ಸೊಲ್ಲಾಪುರದ ನೆಂಟರ ಮನೆಯಲ್ಲಿ ಕಾರು ಓಡಿಸುವ ಆಟ ನೋಡಿಬಂದಿದ್ದ. ಅಂಗಡಿಯ ಕೆಲಸಕ್ಕೂ ಆಗುತ್ತದೆ ಎಂದು ಮನೆಯವರಿಗೆ ಹೇಳಿದ. ಕೊನೆಯವರೆಗೂ ಅದರಲ್ಲಿ ಅಂಗಡಿಯ ಕೆಲಸ ಒಂದೂ ಆಗಲಿಲ್ಲ. ಅದು ಆಟಕ್ಕೆಂದೇ ಹುಟ್ಟಿದ ಯಂತ್ರ.

ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಇದ್ದವರು ನಾವಿಬ್ಬರು ಮತ್ತು ಅತ್ತೆ. ಅತ್ತೆಗೆ ಐವತ್ತು ದಾಟಿತ್ತು. ಬೆಳಿಗ್ಗೆ ಸ್ನಾನ, ಇಷ್ಟಲಿಂಗದ ಪೂಜೆ, ಹಣೆ ತುಂಬ ವಿಭೂತಿ, ಆಮೇಲೆ ರೊಟ್ಟಿ. ಹೆಚ್ಚು ಮಾತಿನವರಲ್ಲ. ನನಗೂ ಅವರಿಗೂ ಜಗಳವಿರಲಿಲ್ಲ. ಹಾಗೆಂದು ಒಂದು ಚಹಾ ಮುಗಿಯುವಷ್ಟು ಹೊತ್ತಿನ ಮಾತೂ ಇರಲಿಲ್ಲ.

ಕಂಪ್ಯೂಟರು ಬಂದ ಹೊಸದರಲ್ಲಿ ಅವರು ಅದರ ಕಡೆ ನೋಡಲೇ ಇಲ್ಲ. ಒಂದು ಮಧ್ಯಾಹ್ನ ನಾನು ಊರು ಕಟ್ಟುವ ಆಟವೊಂದನ್ನು ಆಡುತ್ತಿದ್ದೆ. ಖಾಲಿ ನೆಲ ಕೊಡುತ್ತಾರೆ. ಅದರಲ್ಲಿ ರಸ್ತೆ ಎಳೆಯಬೇಕು, ಮನೆ ಕಟ್ಟಬೇಕು, ನೀರು, ದೀಪ ಕೊಡಬೇಕು. ಚೆನ್ನಾಗಿ ಕಟ್ಟಿದರೆ ಜನ ಬಂದು ಸೇರುತ್ತಾರೆ. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಹಿಂದೆ ಕೂತಿದ್ದರು.

"ಹೊಳಿ ದಂಡಿಗೆ ಅಷ್ಟು ಹತ್ರ ಮನಿ ಕಟ್ತಾರೇನ್ ಬೇ?" ಎಂದರು. "ಮಳಿಗಾಲದಾಗ ಎಲ್ಲಾ ತೇಲಿ ಹೋಗ್ತಾವ."

"ಇದ್ರಾಗ ಮಳಿ ಬರಂಗಿಲ್ರಿ ಅತ್ತಿ."

"ಬರಲಿ, ಬಿಡಲಿ. ಕಟ್ಟಾಂವ್ಗ ತಿಳೀಬೇಕಲ್ಲ."

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪರದೆಯ ಮೇಲಿನ ಚಿತ್ರಗಳನ್ನು ನೋಡಿಯೇ ಕಲಿತರು. ಮೌಸನ್ನು ಮೊದಮೊದಲು ಬಿಸಿ ಹಂಚು ಮುಟ್ಟಿದಂತೆ ಮುಟ್ಟುತ್ತಿದ್ದರು. ಆ ಮಳೆಗಾಲ ಮುಗಿಯುವುದರೊಳಗೆ ಊಟದ ನಂತರ ಅಲಮಾರಿಯ ಬಾಗಿಲು ತೆಗೆಯುವವರು ಅವರೇ ಆದರು. ಆಟದಲ್ಲಿ ಕಟ್ಟಿದ ತಮ್ಮ ಊರನ್ನು ಅವರು ಕೊಳಕೂರ ಎನ್ನುತ್ತಿದ್ದರು. ಜೇವರ್ಗಿ ತಾಲ್ಲೂಕಿನ ಕೊಳಕೂರ ಅವರ ತವರು. ಮದುವೆಯಾಗಿ ಬಂದ ಇಷ್ಟು ದಿನಗಳಲ್ಲಿ ನಾನು ಆ ಊರಿನಿಂದ ಯಾರೂ ಬಂದದ್ದನ್ನು ಕಂಡಿರಲಿಲ್ಲ. ಅತ್ತೆ ಹೋದದ್ದನ್ನೂ ಕಂಡಿರಲಿಲ್ಲ. ಕೇಳಬಾರದ ವಿಷಯವಿರಬಹುದು ಎಂದು ನಾನು ಕೇಳಿರಲಿಲ್ಲ.

ಅವರ ಊರು ಬೆಳೆಯಿತು. ಹೊಳೆಯಿಂದ ದೂರದಲ್ಲಿ ಮನೆಗಳು, ನಡುವೆ ಅಗಲವಾದ ದಾರಿ, ಊರ ಹೊರಗೆ ಸಾಲಾಗಿ ಮರಗಳು. ಮೂಡಣ ದಿಕ್ಕಿಗೆ ಮಾತ್ರ ಒಂದು ಚೌಕ ನೆಲವನ್ನು ಖಾಲಿ ಬಿಟ್ಟಿದ್ದರು. ಅಲ್ಲಿ ಏನಾದರೂ ಕಟ್ಟಿದರೆ ಊರಿನ ವರಮಾನ ಹೆಚ್ಚುತ್ತಿತ್ತು. ನನ್ನ ಗಂಡ ಹಾಗೆಂದು ಹೇಳಿಯೂ ಹೇಳಿದ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ತೊಂದರೆ ಶುರುವಾದದ್ದು ಜಾಗದಿಂದ. ನನ್ನ ಗಂಡ ಗುಲ್ಬರ್ಗಾದಿಂದ ಕ್ರಿಕೆಟ್ ಆಟದ ಸಿ.ಡಿ. ತಂದ. ಅದನ್ನು ಒಳಗೆ ಹಾಕಲು ಹೋದರೆ ಹಾರ್ಡ್‌ ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಯಂತ್ರ ಹೇಳಿತು. ಕಾರಿನ ಆಟ ತೆಗೆದೆವು, ಅದರಲ್ಲಿ ಅವನು ಗೆದ್ದದ್ದರ ಕಡತವನ್ನಷ್ಟೇ ಉಳಿಸಿಕೊಂಡೆವು. ಆದರೂ ಸಾಲಲಿಲ್ಲ.

"ಅವ್ವಾ, ನಿನ್ನ ಊರ ಅಳಿಸ್ಲ್ಯಾ?" ಎಂದು ನಗುತ್ತಾ ಕೇಳಿದ. "ಮತ್ತ ಹೊಸಾದು ಕಟ್ಟೀಯಂತ."

ಅತ್ತೆ ಸೊಪ್ಪು ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ಅಳಸು," ಎಂದರು. "ನಾಳಿಂದ ರೊಟ್ಟಿ ನೀನ ಬಡಕೋ."

ನಗುತ್ತಲೇ ಕೇಳಿದ್ದವನು ಅದರ ನಂತರ ಆ ಮಾತು ಎತ್ತಲಿಲ್ಲ. ದೊಡ್ಡ ಡಿಸ್ಕು ತಂದರಾಯಿತು ಎಂದು ಅವನೇ ಹೇಳಿದ. ನಾನು ಗುಲ್ಬರ್ಗಾಕ್ಕೆ ಹೋಗಿ ಹಳೆಯದಕ್ಕಿಂತ ಹಲವು ಪಟ್ಟು ದೊಡ್ಡದೊಂದು ಡಿಸ್ಕು ತಂದೆ. ಬಸ್ಸಿನಲ್ಲಿ ಉದ್ದಕ್ಕೂ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬೇಸಿಗೆ ಆಗಲೇ ಬಲಿತಿತ್ತು.

ಸಣ್ಣ ಕ್ಯಾಬಿನೆಟ್ಟಿನ ಕಷ್ಟ ಅದನ್ನು ಬಿಚ್ಚಿದವರಿಗೇ ಗೊತ್ತು. ಡಿಸ್ಕಿಗೆ ಇದ್ದದ್ದು ಒಂದೇ ಗೂಡು, ಫ್ಲಾಪಿ ಡ್ರೈವಿನ ಕೆಳಗೆ. ಅಲ್ಲಿ ಹಳೆಯದು ಕೂತಿತ್ತು. ಹಳೆಯದರಲ್ಲಿ ಇದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಬೇಕಾದರೆ ಎರಡನ್ನೂ ಒಟ್ಟಿಗೆ ಜೋಡಿಸಬೇಕು. ಕೇಬಲ್ಲು ಗಿಡ್ಡ. ಫ್ಲಾಪಿಯನ್ನು ಬಿಚ್ಚಿ ಹೊರಗಿಟ್ಟು, ಅದರ ಜಾಗದಲ್ಲಿ ಹೊಸ ಡಿಸ್ಕನ್ನು ದಾರದಿಂದ ಕಟ್ಟಿದೆ. ಒಂದೇ ಕೇಬಲ್ಲಿಗೆ ಎರಡು ಡಿಸ್ಕು ಸಿಕ್ಕಿಸುವಾಗ ಹಿಂದಿನ ಸಣ್ಣ ಪಿನ್ನುಗಳನ್ನು ಹೊಂದಿಸಿ ಒಂದನ್ನು ಹಿರಿಯದು, ಇನ್ನೊಂದನ್ನು ಕಿರಿಯದು ಎಂದು ಮಾಡಬೇಕು. ಅತ್ತೆ ಪಕ್ಕದಲ್ಲೇ ಕೂತು ನೋಡುತ್ತಿದ್ದರಿಂದ ಅದನ್ನೂ ಹೇಳಿದೆ.

"ಎರಡೂ ನಾ ಹಿರೇದು, ನಾ ಹಿರೇದು ಅಂದ್ರ?"

"ಮಷಿನ್ನ ಚಾಲೂ ಆಗಂಗಿಲ್ರಿ."

ಅವರು ನಕ್ಕರು. ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಹಂಗಾರ ಇದನ್ನ ಮಾಡಿದಾಂವ ಸಂಸಾರಸ್ಥ ಇರಬೇಕು," ಎಂದರು.

ಯಂತ್ರ ಆದರೂ ಚಾಲೂ ಆಗಲಿಲ್ಲ. ಒಳಗೆ ಎಲ್ಲವನ್ನೂ ಜೋಡಿಸುವ ನಮ್ಮ ಬೋರ್ಡು ಹಳೆಯದು. ಅಷ್ಟು ದೊಡ್ಡ ಡಿಸ್ಕನ್ನು ಅದು ಕಂಡಿದ್ದೇ ಇಲ್ಲ. ಹೊಸ ಡಿಸ್ಕಿನ ಹಿಂದೆ ಮತ್ತೊಂದು ಪಿನ್ನು ಸಿಕ್ಕಿಸಿದರೆ ತನ್ನ ಗಾತ್ರವನ್ನು ಅದು ಕಡಿಮೆ ಮಾಡಿ ಹೇಳುತ್ತದೆ ಎಂದು ಮೇಲಂಟಿಸಿದ ಚೀಟಿಯಲ್ಲಿ ಬರೆದಿತ್ತು. ಹಾಗೆ ಮಾಡಿದೆ. ಡಿಸ್ಕು ಕಾಣಿಸಿತು, ಅರ್ಧಕ್ಕರ್ಧ ಚಿಕ್ಕದಾಗಿ. "ಉಳಿದ ಅರ್ಧ ಎಲ್ಲಿ ಹೋತು?" ಎಂದು ಗಂಡ ಕೇಳಿದ. ಒಳಗೇ ಇದೆ, ನಮಗೆ ಸಿಗುವುದಿಲ್ಲ ಎಂದೆ. ವ್ಯಾಪಾರಸ್ಥನಿಗೆ ಈ ಉತ್ತರ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಡಿಸ್ಕನ್ನೇ ನೋಡಿ ಅಂಗಡಿಗೆ ಹೋದ.

ನಕಲು ಶುರು ಮಾಡಿದೆ. ಕಾಲು ಭಾಗವೂ ಆಗಿರಲಿಲ್ಲ, ಹಳೆಯ ಡಿಸ್ಕು ಟಕ್ ಟಕ್ ಎಂದಿತು. ಪರದೆ ನಿಂತುಹೋಯಿತು. ಕೈ ಇಟ್ಟು ನೋಡಿದರೆ ಡಿಸ್ಕು ಸುಡುತ್ತಿತ್ತು. ಹೊರಗೆ ಮೇ ತಿಂಗಳ ಬಿಸಿಲು, ಅಲಮಾರಿಗೆ ಗಾಳಿ ಇಲ್ಲ, ಕ್ಯಾಬಿನೆಟ್ಟಿನಲ್ಲಿ ಒಂದರ ಮೇಲೊಂದು ಎರಡು ಡಿಸ್ಕು. ಆರಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿದೆ. ಮತ್ತೆ ಅದೇ ಸದ್ದು. ಇದು ಹೆಚ್ಚು ದಿನ ಬಾಳುವುದಿಲ್ಲ ಎಂದು ನನಗೆ ತಿಳಿಯಿತು. ಅತ್ತೆಗೂ ತಿಳಿಯಿತು, ಏಕೆಂದರೆ ನಾನು ಯಂತ್ರ ಆರಿಸಿ ಕೈ ಹಿಂದಕ್ಕೆ ತೆಗೆದಿದ್ದೆ.

"ಉಳೀತದೇನು?"

"ಹೇಳಾಕ ಬರಂಗಿಲ್ರಿ. ಇದು ಕಾಯ್ದಾಗ ಕೈ ಕೊಡಾಕತ್ತದ."

"ಹಂಗಾರ ಈಗ ಮುಟ್ಟಬ್ಯಾಡ. ನಸುಕಿನಾಗ ನೋಡೂಣು, ತಂಪಿರ್ತದ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರು ಪೂಜೆ ಮುಗಿಸಿ ನನ್ನನ್ನು ಎಬ್ಬಿಸಿದರು. ಕಂಪ್ಯೂಟರನ್ನು ಅಲಮಾರಿಯಿಂದ ತೆಗೆದು ಹಿತ್ತಲ ಬಾಗಿಲ ಬಳಿ ನೆಲದ ಮೇಲೆ ಇಟ್ಟೆವು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದೆ. ಹಳೆಯ ಡಿಸ್ಕನ್ನು ಪೂರ್ತಿ ಹೊರಗೆಳೆದು ಎಲ್ಲಿಡಲಿ ಎಂದು ನೋಡುತ್ತಿದ್ದಾಗ ಅತ್ತೆ ಊಟಕ್ಕೆ ಕೂರುವ ಮಣೆ ತಂದು ಮುಂದಿಟ್ಟರು. ಅದರ ಮೇಲೆ ಡಿಸ್ಕು, ಎದುರಿಗೆ ಟೇಬಲ್ ಫ್ಯಾನು. ಅಕ್ಕಪಕ್ಕದಲ್ಲಿ ನಾವಿಬ್ಬರು. ಮೊದಲು ಅವರ ಊರಿನ ಕಡತಗಳನ್ನೇ ದಾಟಿಸೋಣ, ಉಳಿದದ್ದು ಆಮೇಲೆ ಎಂದುಕೊಂಡೆ. ಆದರೆ ಡಿಸ್ಕು ಹಾಳಾಗಿದ್ದದ್ದು ಆ ಭಾಗದಲ್ಲೇ ಇರಬೇಕು. ಸ್ವಲ್ಪ ಮುಂದೆ ಹೋಗುವುದು, ನಿಲ್ಲುವುದು, ಟಕ್ ಎನ್ನುವುದು, ಮತ್ತೆ ಹೋಗುವುದು. ಮಾಡಲು ಏನೂ ಇರಲಿಲ್ಲ. ಕೂತಿರಬೇಕು, ಅಷ್ಟೆ.

ಆಗ ಕೇಳಿದೆ. "ಅತ್ತಿ, ಆ ಖಾಲಿ ಜಾಗಾ ಯಾಕ ಬಿಟ್ಟೀರಿ?"

"ಅದು ಹೊಲ," ಎಂದರು. "ಅಪ್ಪನ್ನ ಅಲ್ಲೇ ಮಣ್ಣ ಮಾಡ್ಯಾರ."

ಆಮೇಲೆ ತಾವಾಗಿಯೇ ಹೇಳಿದರು. ಎಪ್ಪತ್ತರ ದಶಕದ ಒಂದು ಮಳೆಗಾಲ. ನನ್ನ ಗಂಡ ಆಗ ಮಡಿಲ ಕೂಸು. ಅಪ್ಪ ಹೋದ ಎಂಬ ಸುದ್ದಿ ಆಳಂದ ಮುಟ್ಟುವಾಗಲೇ ತಡವಾಗಿತ್ತು. ಕೂಸನ್ನೆತ್ತಿಕೊಂಡು ಗುಲ್ಬರ್ಗಾಕ್ಕೆ ಬಂದು, ಜೇವರ್ಗಿಯ ಬಸ್ಸು ಹಿಡಿದರೆ ಭೀಮಾ ಹೊಳೆ ತುಂಬಿ ದಾರಿ ನಿಂತಿತ್ತು. ಹೊಳೆ ಇಳಿಯುವವರೆಗೆ ಈಚೆ ದಡದಲ್ಲಿ ಯಾರದೋ ಜಗಲಿಯ ಮೇಲೆ ಕೂತಿದ್ದರು. ಊರು ಮುಟ್ಟಿದಾಗ ಎಲ್ಲ ಮುಗಿದಿತ್ತು. ಹಸಿ ಮಣ್ಣಿನ ಗುಪ್ಪೆಯೊಂದೇ ಉಳಿದಿತ್ತು.

"ತಮ್ಮನ್ನ ಹಿಡದು ಬಾಯಿಗೆ ಬಂದಂಗ ಬೈದ್ನಿ. ಮಗಳು ಬರೂತನಕ ತಡೀಲಿಲ್ಲ ಅಂತ. ಮಂದಿ ಮುಂದ. ಆಂವ ಏನೂ ಅನ್ಲಿಲ್ಲ. ನೀರೂ ಕುಡೀಲಿಲ್ಲ ನಾ, ಹಂಗ ತಿರುಗಿ ಬಂದ್ನಿ."

"ಆಮ್ಯಾಲ?"

"ಆಮ್ಯಾಲ ಏನದ. ಆಂವ ಕರೀಲಿಲ್ಲ, ನಾ ಹೋಗ್ಲಿಲ್ಲ. ದಿನಾ ಹ್ವಾದ್ವು."

ಇದನ್ನೆಲ್ಲ ಅವರು ಅಳದೆ, ದನಿ ಏರಿಸದೆ, ಬಜಾರಿನ ಸುದ್ದಿ ಹೇಳುವಂತೆ ಹೇಳಿದರು. ಪರದೆಯ ಮೇಲಿನ ಪಟ್ಟಿ ತುದಿ ಮುಟ್ಟಿತು. ಹೊಸ ಡಿಸ್ಕಿನಿಂದ ಆಟ ತೆರೆದು ನೋಡಿದೆ. ಊರು ಬಂದಿತ್ತು, ಮನೆಗಳು, ಮರಗಳು, ಖಾಲಿ ಚೌಕ ಎಲ್ಲ. ಉಳಿದದ್ದನ್ನು ದಾಟಿಸಲು ಹೋದಾಗ ಹಳೆಯ ಡಿಸ್ಕು ಮತ್ತೆ ಮಾತಾಡಲಿಲ್ಲ. ಫ್ಯಾನು ಹಾಕಿದರೂ ಇಲ್ಲ, ಆರಿಸಿ ಹಚ್ಚಿದರೂ ಇಲ್ಲ. ನನ್ನ ಗಂಡ ಕಾರಿನ ಓಟದಲ್ಲಿ ಗೆದ್ದಿದ್ದ ಗೆಲುವುಗಳೆಲ್ಲ ಅದರಲ್ಲೇ ಹೋದವು. ಆಟದ ಸಿ.ಡಿ. ಇತ್ತು, ಅವನು ಮತ್ತೆ ಮೊದಲಿನಿಂದ ಶುರು ಮಾಡಿದ.

ಹೊಸ ಡಿಸ್ಕನ್ನು ಗೂಡಿನಲ್ಲಿ ಕೂರಿಸಿ, ಅಲಮಾರಿಯ ಬಾಗಿಲಿಗೆ ಬಡಿಗೇರನಿಂದ ಗಾಳಿಯಾಡಲು ತೂತು ಕೊರೆಸಿದೆವು. ಅದಾಗಿ ಸ್ವಲ್ಪ ದಿನಕ್ಕೆ, ರೊಟ್ಟಿ ಬಡಿಯುತ್ತಾ ಅತ್ತೆ ಕೇಳಿದರು. "ನನ್ನ ಜೋಡಿ ಕೊಳಕೂರಕ ಬರ್ತೀಯೇನ್ ಬೇ?"

"ಬರ್ತೇನ್ರಿ."

ಮಗನನ್ನು ಏಕೆ ಕರೆಯಲಿಲ್ಲ ಎಂದು ನಾನು ಕೇಳಲಿಲ್ಲ. ಅವನೂ ಕೇಳಲಿಲ್ಲ.

ಜೇವರ್ಗಿಯಲ್ಲಿ ಇಳಿದು ಹಳ್ಳಿಯ ಬಸ್ಸು ಹತ್ತಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೊಳಕೂರಿನಲ್ಲಿ ಇಳಿದು ಅತ್ತೆ ಸುತ್ತಲೂ ನೋಡಿದರು. ಅವರು ಕಟ್ಟಿದ ಊರಿಗೂ ಇದಕ್ಕೂ ಹೋಲಿಕೆ ಕಡಿಮೆ. ದಾರಿ ಅಷ್ಟು ಅಗಲವಿರಲಿಲ್ಲ, ಮರಗಳ ಸಾಲೂ ಇರಲಿಲ್ಲ. ಮನೆಯ ದಾರಿ ಮಾತ್ರ ಅವರು ಯಾರನ್ನೂ ಕೇಳಲಿಲ್ಲ. ಹೊರಗೆ ಹೊರಸಿನ ಮೇಲೆ ಕೂತಿದ್ದ ನರೆತ ಮೀಸೆಯ ಮನುಷ್ಯನೊಬ್ಬ ನಮ್ಮನ್ನು ಕಂಡು ಎದ್ದು ನಿಂತ. ಮೇಲುಹೊದಿಕೆಯನ್ನು ಸರಿಮಾಡಿಕೊಂಡ. ಬಾಗಿಲ ಕಡೆ ತಿರುಗಿ, "ಅಕ್ಕ ಬಂದಾಳ, ನೀರ ತರ್ರಿ," ಎಂದ.

ಊಟವಾದ ಮೇಲೆ ಹೊಲಕ್ಕೆ ಹೋದೆವು. ಕೊಯ್ದ ತೊಗರಿಯ ಕೂಳೆಗಳ ನಡುವೆ ಅವರ ಅಪ್ಪನ ಸಮಾಧಿ, ಕಲ್ಲು ಕಟ್ಟಿದ ಸಣ್ಣ ಗದ್ದುಗೆ. ಅತ್ತೆ ವಿಭೂತಿ ಹಚ್ಚಿದರು. ದೂರ ನಿಂತಿದ್ದ ಅವರ ತಮ್ಮ ಹತ್ತಿರ ಬಂದ.

"ತಡೀಬೇಕಂತ ಭಾಳ ಮಾಡಿದ್ನಿ ಅಕ್ಕಾ. ಹೊಳಿ ಏರಾಕತ್ತಿತ್ತು. ಇನ್ನೊಂದಿನ ಬಿಟ್ರ ಈ ಹೊಲಕ್ಕೂ ನೀರ ಬರ್ತಿತ್ತು."

"ಅವತ್ತ ಗೊತ್ತಿತ್ತು ನನಗ," ಎಂದರು ಅತ್ತೆ.

ಮೂವರೂ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದುಕೊಂಡು ಮನೆಗೆ ಬಂದೆವು. ಚಹಾ ಕೊಟ್ಟರು, ಅತ್ತೆ ಕುಡಿದರು. ಅವತ್ತು ಅಲ್ಲೇ ಉಳಿದು ಮರುದಿನ ಹೊರಟೆವು. ಆ ವರ್ಷ ನಾಗರ ಪಂಚಮಿಗೆ ತಮ್ಮ ಆಳಂದಕ್ಕೆ ಬಂದು ಅಕ್ಕನನ್ನು ತವರಿಗೆ ಕರೆದುಕೊಂಡು ಹೋದ.

ಬರಬರುತ್ತಾ ಅತ್ತೆ ಆಟ ಆಡುವುದನ್ನು ಕಡಿಮೆ ಮಾಡಿದರು. ಬಿಟ್ಟರೆಂದಲ್ಲ. ಬೇಸರವಾದಾಗ ತೆರೆಯುತ್ತಿದ್ದರು, ಒಂದೆರಡು ಮನೆ ಕಟ್ಟಿ ಮುಚ್ಚುತ್ತಿದ್ದರು.

ನಾನೇ ಡಿಸ್ಕು ಬದಲಿಸಿದ ಸುದ್ದಿ ಹೇಗೋ ಬಜಾರಿಗೆ ಹೋಯಿತು. ಆಗ ಆಳಂದದಲ್ಲಿ ಕಂಪ್ಯೂಟರು ಇಟ್ಟುಕೊಂಡವರು ಕೆಲವರೇ. ಕೆಟ್ಟರೆ ಗುಲ್ಬರ್ಗಾಕ್ಕೋ ಸೊಲ್ಲಾಪುರಕ್ಕೋ ಒಯ್ಯಬೇಕಿತ್ತು. ಮೊದಲು ಕರೆದವರು ಎಣ್ಣೆ ಗಿರಣಿಯವರು. ಹೆಂಗಸು ಒಬ್ಬಳೇ ಗಿರಣಿಗೆ ಹೋಗುವುದು ಹೇಗೆ ಎಂದು ಗಂಡ ಯೋಚಿಸುತ್ತಿರುವಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಅಲ್ಲಿಂದ ಮುಂದೆ ನಾನು ಎಲ್ಲಿ ಯಂತ್ರ ಬಿಚ್ಚಿದರೂ ಪಕ್ಕದ ಕುರ್ಚಿಯಲ್ಲಿ ಅವರಿರುತ್ತಿದ್ದರು. ನಿಂಬರ್ಗಾದ ಶಾಲೆಯೊಂದಕ್ಕೆ ಹೋದಾಗ ಅಲ್ಲಿಯ ಹೆಡ್ ಮಾಸ್ತರರು ವಿಭೂತಿ ಹಚ್ಚಿದ ಈ ಹಿರಿಯ ಹೆಂಗಸನ್ನು ನೋಡಿ, "ಇವರೂ ರಿಪೇರಿ ಮಾಡ್ತಾರೇನ್ರಿ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಇಲ್ರಿ. ನಾ ಜೋಡಿ ಬಂದೀನಿ. ಆಕಿಗೆ ಜರಾ ಫ್ಯಾನ್ ಹಚ್ಚಿ ಕೊಡ್ರಿ, ಒಳಗ ಭಾಳ ಕಾಯ್ತದ."