ನೀರಿಲ್ಲದೆ ಹೋದ ನೀರಿನವನು

ಬುಖಾರಾದ ಕೊಳಗಳ ನೀರನ್ನು ಚರ್ಮದ ಚೀಲದಲ್ಲಿ ಹೊತ್ತು ಮನೆಮನೆಗೆ ಸುರಿಯುತ್ತಿದ್ದವರಲ್ಲಿ ನಾನೂ ಒಬ್ಬ, ಓಚಿಲನೂ ಒಬ್ಬ. ನಾನು ಬಾಯಿಬಡುಕ, ಅವನು ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ಹೆಂಡತಿ ಸತ್ತ ಮೇಲಂತೂ ದಿನವಿಡೀ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಪೋಶ್, ಪೋಶ್!" ನೀರಿನವ ಬಂದ, ಹೆಂಗಸರು ಮರೆಗೆ ಸರಿಯಿರಿ ಎಂಬ ಕೂಗು ಅದು. ಕೂಗಿದ ಮೇಲೆ ಅಂಗಳದಲ್ಲಿ ತೆರೆದಿಟ್ಟ ಹಂಡೆ ಬಿಟ್ಟರೆ ಯಾರೂ ಇರುವುದಿಲ್ಲ. ಇಡೀ ಊರಿಗೆ ನೀರು ಕುಡಿಸಿದೆವು, ಒಬ್ಬಳ ಮುಖವನ್ನೂ ಕಾಣಲಿಲ್ಲ.

ವಿಧವೆ ಮುಹ್ತರಮ್ ಮಾತ್ರ ಪರದೆಯ ಹಿಂದಿನಿಂದ ನಾಲ್ಕು ಮಾತಾಡುತ್ತಿದ್ದಳು. "ಕೆಮ್ಮು ಹೇಗಿದೆ ಅಣ್ಣ? ಗೂಡಲ್ಲಿ ರೊಟ್ಟಿ ಇದೆ, ಬಿಸಿ ಇರುವಾಗ್ಲೇ ತಿನ್ನಿ." ಅಷ್ಟಕ್ಕೇ ನಮ್ಮ ಓಚಿಲನ ಮುಖ ಸಂಜೆಯವರೆಗೂ ಅರಳಿರುತ್ತಿತ್ತು.

ಆಮೇಲೆ ಹೊಸ ಸರ್ಕಾರ ಬಂತು. ಕಾಲಲ್ಲಿ ಹುಳ ಹುಟ್ಟುವುದು ಕೊಳದ ನೀರಿನಿಂದಲೇ ಎಂದಿತು. ಸುಳ್ಳೇನಲ್ಲ; ನನ್ನ ಕಾಲಿನಿಂದಲೂ ಕ್ಷೌರಿಕ ಮೊಳದುದ್ದದ ಹುಳವನ್ನು ಕಡ್ಡಿಗೆ ಸುತ್ತಿ ಎಳೆದಿದ್ದಾನೆ. ನೀರು ತುಂಬಿಡುವ ಕಬ್ಬಿಣದ ಗೋಪುರ ಎದ್ದಿತು, ಬೀದಿಗೆ ನಲ್ಲಿ ಬಂತು, ಕೊಳಗಳನ್ನು ಬತ್ತಿಸಿದರು. ನಾನು ನಲ್ಲಿ ಕಾಯುವ ಕೆಲಸ ಹಿಡಿದೆ. ಓಚಿಲ ಒಣಗಿದ ಕೊಳದ ಮೆಟ್ಟಿಲ ಮೇಲೆ ಸುಮ್ಮನೆ ಕೂರತೊಡಗಿದ.

"ಇನ್ನು ಆ ಮನೆಗೆ ಹೋಗೋಕೆ ನಂಗೆ ನೆವಾನೇ ಇಲ್ಲ ಕಣೋ," ಅಂದ ಒಂದು ದಿನ.

"ನೆವ ಯಾಕೋ ಹೆಡ್ಡ? ಅವಳೂ ಒಂಟಿ, ನೀನೂ ಒಂಟಿ. ನಿಕಾಹ್ ಮಾಡ್ಕೋ. ಕೇಳೋಕೆ ನನ್ನ ಹೆಂಡ್ತೀನ ಕಳಿಸ್ಲಾ?"

"ಬೇಡಪ್ಪ. ಅವಳು ಒಲ್ಲೆ ಅಂದ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ನಾನೇ ಕೇಳ್ತೀನಿ."

"ಹಾಗಾದ್ರೆ ನೆಂಟನ ಹಾಗೆ ಹೋಗು. ಬಾಗಿಲು ತಟ್ಟು, ಹೊರಗೇ ನಿಂತ್ಕೋ, ಹೆಸರು ಹೇಳು."

ಮರುದಿನ ಒಗೆದ ನಿಲುವಂಗಿ ತೊಟ್ಟು ಹೊರಟ. ನಾನು ಓಣಿಯ ತಿರುವಿನಲ್ಲಿ ನಿಂತೆ. ಹುಟ್ಟುಗುಣ ಸುಟ್ಟರೂ ಹೋಗದು; ಬಾಗಿಲಿಗೆ ಕೈ ಇಟ್ಟದ್ದೇ "ಪೋಶ್, ಪೋಶ್!" ಎಂದು ಕೂಗಿ ಒಳಗೆ ನುಗ್ಗಿಯೇಬಿಟ್ಟ. ನಾನು ಹಣೆ ಹಣೆ ಚಚ್ಚಿಕೊಂಡೆ.

ಒಳಗೆ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಮುಹ್ತರಮ್ ಗಡಿಬಿಡಿಯಿಂದ ಪರದೆಯ ಹಿಂದೆ ಸರಿದಳಂತೆ. ಅವನು ಬೆನ್ನ ಮೇಲೆ ಚೀಲವೇ ಇಲ್ಲದೆ ಹಂಡೆಯ ಮುಂದೆ ನಿಂತನಂತೆ.

"ಸುರೀರಿ ಅಣ್ಣ."

"ನೀರಿಲ್ಲ."

"ಮತ್ತೆ ಬಂದಿದ್ದು?"

ಕೇಳಬೇಕಾದ ಮಾತು ಗಂಟಲವರೆಗೂ ಬಂದಿತ್ತು ಎಂದು ಆಣೆ ಇಡುತ್ತಾನೆ. ಬಾಯಿಂದ ಹೊರಟದ್ದು ಬೇರೆ.

"ಇನ್ಮೇಲೆ ಬರಲ್ಲ ಅಂತ ಹೇಳೋಕೆ."

ಪರದೆಯ ಹಿಂದಿನಿಂದ ಅವಳು, "ಆಯ್ತು. ಬಾಗಿಲು ಎಳ್ಕೊಂಡು ಹೋಗಿ," ಎಂದಳು.

ಎಳೆದುಕೊಂಡೇ ಬಂದ, ಕತ್ತೆ.