ಮಂಡಕ್ಕಿ ಹಂಚಿದ ದಿನದ ಮರಿಗಳು

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಪಿಯುಸಿ ಅರ್ಧಕ್ಕೇ ಬಿಟ್ಟವಳು, ದೊಡ್ಡ ಮಾತುಗಳೂ ಬರುವುದಿಲ್ಲ. ಇದು ನನ್ನ ಅಮ್ಮನ ವಿಷಯ. ಅಮ್ಮ ಅಮ್ಮ ಎಂದು ಬರೆಯುತ್ತ ಹೋದರೆ ಬರೀ ಹೊಗಳಿಕೆಯಾಗುತ್ತದೆ ಎಂದು ಹೆದರಿ, ಹ್ಯಾಚರಿಯವರು ಕರೆಯುವ ಹಾಗೆ ಪುಷ್ಪಮ್ಮ ಎಂದೇ ಬರೆದಿದ್ದೇನೆ. ನಾನು ಅಲ್ಲಿರಲಿಲ್ಲ. ಅವಳು ಹೇಳಿದ್ದನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಪುಷ್ಪಮ್ಮನ ಮನೆ ಭದ್ರಾವತಿಯಲ್ಲಿ. ಅಲ್ಲಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ರುದ್ರೇಶ್ ಎಂಬವರ ಹ್ಯಾಚರಿ, ಅಂದರೆ ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಜಾಗ, ಇದೆ. ಹನ್ನೊಂದು ವರ್ಷದಿಂದ ಅಲ್ಲಿ ಅವಳದು ಒಂದೇ ಕೆಲಸ: ಮೊಟ್ಟೆಯೊಡೆದು ಬಂದ ಮರಿಯನ್ನು ಎತ್ತಿ, ಹೆಣ್ಣೋ ಗಂಡೋ ನೋಡಿ, ಬೇರೆ ಬೇರೆ ಬುಟ್ಟಿಗೆ ಹಾಕುವುದು. ಅಲ್ಲಿಯ ತಳಿಯಲ್ಲಿ ಇದನ್ನು ರೆಕ್ಕೆಯೇ ಹೇಳುತ್ತದೆ. ಪುಟ್ಟ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದರೆ ಎರಡು ಸಾಲು ಎಳೆಗರಿ. ಕೆಳಸಾಲು ಉದ್ದ, ಮೇಲಿನದು ಗಿಡ್ಡ ಇದ್ದರೆ ಹೆಣ್ಣು. ಎರಡೂ ಸಮನಾಗಿದ್ದರೆ ಗಂಡು. ಒಂದು ಮರಿಗೆ ಅವಳಿಗೆ ಬೇಕಾಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಆ ಕಣ್ಣಿನ ಮೇಲೆಯೇ ದೂರು ಬಂತು. ರಾಗಿಗುಡ್ಡದ ಕಡೆಯ ಭೂತಪ್ಪ ಮೊಟ್ಟೆಗೆಂದು ಇನ್ನೂರು ಹೆಣ್ಣುಮರಿ ಒಯ್ದಿದ್ದ. ಮೂರು ತಿಂಗಳಾದ ಮೇಲೆ ಕೆಂಪು ಜುಟ್ಟಿನ ಒಂದು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅಂಥವು ಅರವತ್ತು ಇವೆಯಂತೆ.

"ಪುಷ್ಪಕ್ಕ, ಇದು ಯಾವಾಗ ಮೊಟ್ಟೆ ಇಡುತ್ತೆ ಹೇಳು. ಬೆಳಗಾದ್ರೆ ನನ್ನನ್ನ ಎಬ್ಬಿಸೋದು ಬಿಟ್ರೆ ಬೇರೆ ಕೆಲಸ ಮಾಡ್ತಿಲ್ಲ ಮಾರಾಯ್ತಿ."

ಅಲ್ಲಿದ್ದವರೆಲ್ಲ ನಕ್ಕರು. ಪುಷ್ಪಮ್ಮನಿಗೆ ನಗು ಬರಲಿಲ್ಲ. ರುದ್ರೇಶ್ ಬೈಯಲಿಲ್ಲ, ವಯಸ್ಸಾದ ಮೇಲೆ ಕಣ್ಣು ಮಂಜಾಗುವುದು ಸಹಜ ಎಂದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಸೋಮವಾರ ದಾವಣಗೆರೆಯಿಂದ ಶಿವಪ್ರಸಾದ್ ಬರುತ್ತಾರೆ, ಮರಿಯ ಹಿಂಭಾಗ ಒತ್ತಿ ಒಳಗುರುತು ನೋಡಿ ಹೆಣ್ಣೋ ಗಂಡೋ ಹೇಳುವವರು, ನೀನು ಬೇರ್ಪಡಿಸಿದ್ದನ್ನು ಅವರು ನೋಡಲಿ, ನೂರಕ್ಕೆ ಎರಡಕ್ಕಿಂತ ಹೆಚ್ಚು ತಪ್ಪಿದರೆ ಮರಿ ನೋಡುವ ಮೇಜು ಬಿಟ್ಟುಕೊಡು ಎಂದರು.

ಭಾನುವಾರವೆಲ್ಲ ಪುಷ್ಪಮ್ಮ ಸೂಜಿಗೆ ದಾರ ಪೋಣಿಸಿ ನೋಡಿದಳು. ಪ್ರತಿ ಸಲವೂ ದಾರ ಒಳಗೆ ಹೋಯಿತು. ಅದರಿಂದ ಭಯ ಇನ್ನೂ ಹೆಚ್ಚಾಯಿತು. ಕಣ್ಣು ಸರಿಯಿದ್ದರೆ ಆ ಅರವತ್ತು ಎಲ್ಲಿಂದ ಬಂದವು?

ಸೋಮವಾರ ಬೆಳಿಗ್ಗೆ ನಾಲ್ಕು ತಿಂಗಳ ಹಿಂದಷ್ಟೇ ಸೇರಿದ ಮೇಲ್ವಿಚಾರಕ ದುಶ್ಯಂತ್ ನೂರು ನೂರು ಮರಿಗಳ ಎರಡು ಟ್ರೇ ತಂದಿಟ್ಟ. ಮೊದಲನೆಯದನ್ನು ಪುಷ್ಪಮ್ಮ ಬೇರ್ಪಡಿಸಿದಳು: ಐವತ್ತೊಂದು ಹೆಣ್ಣು, ನಲವತ್ತೊಂಬತ್ತು ಗಂಡು. ಶಿವಪ್ರಸಾದ್ ಒಂದೊಂದನ್ನೂ ದೀಪದ ಕೆಳಗೆ ಹಿಡಿದು ನೋಡಿದರು. ಒಂದೇ ಒಂದು ತಪ್ಪಿತ್ತು.

ಎರಡನೆಯ ಟ್ರೇಗೆ ಕೈ ಹಾಕಿದಳು. ಹೆಣ್ಣು. ಹೆಣ್ಣು. ಹೆಣ್ಣು. ಗಂಡು. ಮತ್ತೆ ಹೆಣ್ಣು. ಮೂವತ್ತು ಮರಿ ಆಗುವ ಹೊತ್ತಿಗೆ ಹೆಣ್ಣಿನ ಬುಟ್ಟಿಯಲ್ಲಿ ಇಪ್ಪತ್ತನಾಲ್ಕು ಇದ್ದವು. ಕೈ ತಾನಾಗಿ ನಿಧಾನವಾಯಿತು. ಕೈಯಲ್ಲಿದ್ದ ಮರಿಯ ಕಾಲು ಮುಟ್ಟಿ ನೋಡಿದಳು. ಆಗತಾನೇ ಹೊರಬಂದ ಮರಿಯ ಕಾಲು ನುಣ್ಣಗೆ, ತುಂಬಿಕೊಂಡಿರುತ್ತದೆ. ಇದರದು ಒಣಗಿತ್ತು. ಹೊಟ್ಟೆಯೂ ಇಳಿದಿತ್ತು.

ಅವಳಿಗೆ ಎಲ್ಲ ಒಂದೇ ಏಟಿಗೆ ಹೊಳೆಯಿತು. ರೆಕ್ಕೆಯ ಗುರುತನ್ನು ನಂಬಬಹುದಾದದ್ದು ಮೊದಲ ದಿನ ಮಾತ್ರ. ದಿನ ಕಳೆದರೆ ಗಂಡಿನ ಕೆಳಸಾಲೂ ಬೆಳೆದು ಹೆಣ್ಣಿನಂತೆ ಕಾಣುತ್ತದೆ. ಭೂತಪ್ಪನ ಮರಿ ಹೋದ ದಿನವೂ ಸೋಮವಾರವೇ. ಅಂದೂ ಬುಟ್ಟಿ ಹೀಗೇ ತುಂಬಿತ್ತು. ಹೆಣ್ಣು ಹೆಚ್ಚು ಬಂದರೆ ಹ್ಯಾಚರಿಯಲ್ಲಿ ಖಾರ ಮಂಡಕ್ಕಿ ಹಂಚುವುದು ರೂಢಿ. ಅಂದು ಹಂಚಿದ್ದರು.

ಈಗ ಬಾಯಿ ಬಿಟ್ಟರೆ ನೆಪ ಹೇಳಿದಂತೆ. ಬಿಡದೆ ಮುಂದುವರಿದರೆ ಹನ್ನೊಂದು ವರ್ಷದ ಹೆಸರು ಆ ಬುಟ್ಟಿಗೇ ಬೀಳುತ್ತದೆ. ಮರಿಯನ್ನು ಟ್ರೇಗೆ ವಾಪಸ್ ಬಿಟ್ಟಳು.

"ಇದನ್ನ ನಾನು ಮಾಡಲ್ಲ ಸಾರ್."

"ಸೋಲ್ತೀನಿ ಅಂತ ಗೊತ್ತಾದ ಮೇಲೆ ಆಟ ಬಿಡೋದಾ ಪುಷ್ಪಮ್ಮ?" ಎಂದರು ರುದ್ರೇಶ್.

"ಮೂವತ್ತರಲ್ಲಿ ಇಪ್ಪತ್ನಾಕು ಹೆಣ್ಣು ಯಾವ ಊರಲ್ಲಿ ಹುಟ್ಟುತ್ತೆ ಸಾರ್? ಇವು ಇವತ್ತಿನ ಮರಿ ಅಲ್ಲ. ಅವತ್ತೂ ಹೀಗೇ ಬಂತು. ನೀವು ಮಂಡಕ್ಕಿ ಹಂಚಿದ್ರಿ. ಇದೇನು ಇಷ್ಟೊಂದು ಅಂತ ಕೇಳಬೇಕಾದವಳು ನಾನು. ನಾನೂ ಕೂತು ತಿಂದೆ."

ಶಿವಪ್ರಸಾದ್ ಹೆಣ್ಣಿನ ಬುಟ್ಟಿಯನ್ನು ದೀಪದ ಕೆಳಗೆ ಎಳೆದುಕೊಂಡರು. ಇಪ್ಪತ್ತನಾಲ್ಕನ್ನೂ ನೋಡಿ ಮುಗಿಸುವ ತನಕ ಪುಷ್ಪಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

"ಹತ್ತು ಗಂಡು," ಎಂದರು ಅವರು. "ರೆಕ್ಕೆ ನೋಡಿದ್ರೆ ನಾನೂ ಹೆಣ್ಣು ಅಂತಲೇ ಹಾಕ್ತಿದ್ದೆ."

ರುದ್ರೇಶ್ ತಿರುಗಿ ದುಶ್ಯಂತ್‌ನನ್ನು ನೋಡಿದರು. ಅವನು ಮುಚ್ಚಿಡಲಿಲ್ಲ. ಭಾನುವಾರ ರಜೆ, ಆದ್ದರಿಂದ ಶನಿವಾರ ಸಂಜೆ ಹೊರಬಂದ ಮರಿಗಳು ಉಳಿಯುತ್ತವೆ. ತರಕಾರಿಯ ಹಾಗೆ ಹಳೆಯದು ಮೊದಲು ಹೋಗಲಿ ಎಂದು ಸೋಮವಾರ ಹೊಸ ಟ್ರೇಗಳ ಜೊತೆ ಇಡುತ್ತಿದ್ದೆ, ತಪ್ಪೆಂದು ಗೊತ್ತಿರಲಿಲ್ಲ ಎಂದ. ಟ್ರೇಗಳಿಗೆ ದಿನ ಬರೆದ ಚೀಟಿಯೂ ಇರಲಿಲ್ಲ.

ರುದ್ರೇಶ್ ಕ್ಷಮೆ ಕೇಳಲಿಲ್ಲ. ಭೂತಪ್ಪನಿಗೆ ಅರವತ್ತು ಹೊಸ ಮರಿ ಕೊಡಿ ಎಂದಷ್ಟೇ ಹೇಳಿ ಹೊರಗೆ ಹೋದರು. ಪುಷ್ಪಮ್ಮ ಮೂರನೆಯ ಟ್ರೇ ತರಿಸಿಕೊಂಡಳು. ಮೊದಲು ಕಾಲು ಮುಟ್ಟಿದಳು, ಆಮೇಲೆ ರೆಕ್ಕೆ ಬಿಡಿಸಿದಳು. ಆ ಅರವತ್ತನ್ನು ಅವಳೇ ಆರಿಸಿ, ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಗಿಗುಡ್ಡಕ್ಕೆ ಒಯ್ದು ಕೊಟ್ಟು ಬಂದಳು.

ಚೀಟಿ ಬರೆಯಲು ಒಬ್ಬರು ಬೇಕು ಎಂದು ಹ್ಯಾಚರಿಯಲ್ಲಿ ಕೇಳಿದ್ದಾರೆ. ಬರುವ ಸೋಮವಾರದಿಂದ ನಾನು ಅಮ್ಮನ ಜೊತೆ ಹೋಗಿ, ಪ್ರತಿ ಟ್ರೇಗೂ ಮರಿ ಹೊರಬಂದ ದಿನ ಮತ್ತು ಗಂಟೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುತ್ತೇನೆ.